ತಮ್ಮ ಪಾಠವನ್ನೇ ಶೋಧಿಸುವವರು

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಎರಿಕ್ ಮಜೂರ್ ಅವರು, ಕಠಿನವಾದ ಲೆಕ್ಕಗಳನ್ನು ಲೀಲಾಜಾಲವಾಗಿ ಬಿಡಿಸುತ್ತಿದ್ದ ತಮ್ಮ ಶಿಷ್ಯರು, ಭಾರವಾದ ಲಾರಿಯೂ ಹಗುರವಾದ ಕಾರೂ ಡಿಕ್ಕಿಯಾದಾಗ ಯಾವುದರ ಮೇಲಣ ಬಲ ಹೆಚ್ಚೆಂಬಂಥ ಸರಳ ಪ್ರಶ್ನೆಗಳಿಗೆ ತಡವರಿಸುವುದನ್ನು ಕಂಡು (ನ್ಯೂಟನ್ನನ ಮೂರನೆಯ ನಿಯಮದಂತೆ ಎರಡೂ ಸಮವೇ), ಅದನ್ನು ಅವರ ಬುದ್ಧಿಮಾಂದ್ಯವೆಂದು ತಳ್ಳಿಹಾಕದೆ, ತಮ್ಮ ಉಪನ್ಯಾಸವನ್ನೇ ಪರೀಕ್ಷೆಗೆ ಒಡ್ಡಿದರು. ಪ್ರಶ್ನೆಯನ್ನು ಮುಂದಿಟ್ಟು, ಪಕ್ಕದವರೊಡನೆ ವಾದಿಸಲು ಬಿಟ್ಟು, ಮತ್ತೆ ಉತ್ತರ ಕೇಳುವ ಅವರ ಕ್ರಮ 1997ರಲ್ಲಿ ಗ್ರಂಥರೂಪ ತಾಳಿತು. ಇಂಡಿಯಾನಾ ವಿಶ್ವವಿದ್ಯಾಲಯದ ಇತಿಹಾಸಕಾರ ಡೇವಿಡ್ ಪೇಸ್ ಮತ್ತು ಜೋನ್ ಮಿಡೆನ್‌ಡಾರ್ಫ್ ಅವರಾದರೋ, ವಿದ್ಯಾರ್ಥಿಗಳು ಎಡವುವ ಸ್ಥಳವನ್ನು ಗುರುತಿಸಿ, ಅಲ್ಲಿ ತಜ್ಞನ ಮನಸ್ಸು ತನಗರಿವಿಲ್ಲದೆ ನಡೆಸುವ ವ್ಯಾಪಾರವನ್ನು ಬಿಡಿಸಿ ತೋರಿಸುವ ಮಾರ್ಗವನ್ನು ನಾನಾ ಶಾಸ್ತ್ರಗಳ ಅಧ್ಯಾಪಕರಿಗೆ ತೆರೆದರು. ಅನ್ಯವಿಷಯಗಳ ಶೋಧನೆಗಿಂತ ತಮ್ಮ ಪಾಠವನ್ನೇ ಹೀಗೆ ಶೋಧಿಸುವುದು ಹೆಚ್ಚಿನ ಧೈರ್ಯವನ್ನು ಬೇಡುವ ವಿದ್ವತ್ತೆಂದೇ ನನ್ನ ಮತ. ಆದ್ದರಿಂದ ಅಧ್ಯಾಪಕರ ಬಡ್ತಿಯ ಸಮಿತಿಗಳು ಇದನ್ನು ಪಾಂಡಿತ್ಯವೆಂದೇ ಗಣಿಸಲಿ.