ಬಜಾರಿನ ಹೆಸರು ಹೊತ್ತ ಘರಾಣೆ

ಮಹಾನಗರವು ಕಲೆಗೆ ಸಂತೆಯಾದೀತು, ತವರಾಗಲಾರದು ಎಂಬ ಅಭಿಪ್ರಾಯವು ನಮ್ಮ ವಿಚಾರವಂತರಲ್ಲಿಯೂ ಬೇರೂರಿದೆ. ಹಿಂದೂಸ್ತಾನಿ ಘರಾಣೆಗಳ ಹೆಸರುಗಳೂ ಇದನ್ನು ಸಮರ್ಥಿಸುವಂತೆ ತೋರುತ್ತವೆ: ಗ್ವಾಲಿಯರ್, ಜಯಪುರ, ಪಟಿಯಾಲಾ ಇವೆಲ್ಲ ಅರಸರ ಆಶ್ರಯವಿದ್ದ ಊರುಗಳು. ಆದರೆ ಇದೇ ಸಾಲಿನಲ್ಲಿ ಮುಂಬಯಿಯ ಒಂದು ಬಜಾರಿನ ಹೆಸರೂ ಸೇರಿಕೊಂಡಿದೆ. ಭೇಂಡಿಬಜಾರ್ ಘರಾಣೆಯ ಹುಟ್ಟನ್ನು ಪರಿಶೀಲಿಸಿದವರು ಮೇಲಣ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ.

19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಉತ್ತರದ ಬಿಜನೋರಿನ ಕಡೆಯ ಛಜ್ಜೂಖಾನ್, ನಜೀರ್‌ಖಾನ್, ಖಾದಿಂ ಹುಸೇನ್‌ಖಾನ್ ಎಂಬ ಸೋದರರು ಮುಂಬಯಿಗೆ ಬಂದು ನೆಲಸಿದರು. ವಿದ್ಯೆಯನ್ನು ಅವರು ಊರಿನಿಂದಲೇ ಹೊತ್ತು ತಂದಿದ್ದರು, ನಿಜ. ಆದರೆ ತೆರೆದ ಕಂಠದ ಆಕಾರ, ದೀರ್ಘ ಶ್ವಾಸ, ಮಧ್ಯಲಯದ ನಡೆ, ಸ್ವರಗಳನ್ನು ಕ್ರಮವರಿತು ಪಲ್ಲಟಗೊಳಿಸುವ ಖಂಡಮೇರು ಇವೆಲ್ಲ ಕೂಡಿ ಒಂದು ಶೈಲಿಯೆಂದು ಹೆಸರು ಪಡೆದುದು ಈ ನಗರದಲ್ಲಿ. ಖಂಡಮೇರುವಾದರೋ 13ನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿಯೇ ಉಕ್ತವಾದುದು. ಶಾಸ್ತ್ರ ಹಳೆಯದು, ಅದರ ವಿನಿಯೋಗ ಹೊಸದು.

ಛಜ್ಜೂಖಾನರ ಮಗ ಅಮಾನ್ ಅಲೀಖಾನರು ದಾಕ್ಷಿಣಾತ್ಯ ಸಂಗೀತಕ್ಕೂ ಕಿವಿಗೊಟ್ಟರು. ಕರ್ನಾಟಕ ಪದ್ಧತಿಯ ಹಂಸಧ್ವನಿಯಲ್ಲಿ ಬಂದಿಶನ್ನು ರಚಿಸಿದರು. 1953ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಪ್ರಭಾವವು ಇಂದೂರಿನ ಅಮೀರ್‌ಖಾನರ ಗಾಯನದಲ್ಲಿ ಬಾಳಿತು. ನಜೀರ್‌ಖಾನರ ಶಿಷ್ಯೆ ಅಂಜನೀಬಾಯಿ ಮಾಲ್ಪೇಕರ್ ಗೋವೆಯ ಮೂಲದವರು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರಿಗೂ ಆಕೆಯ ಪಾಠ ದೊರೆಯಿತು. ಅರಮನೆಯಲ್ಲಿ ಗಾಯಕನು ಒಬ್ಬ ಒಡೆಯನ ಅಭಿರುಚಿಗೆ ಹಾಡಬೇಕು. ಇಲ್ಲಿ ಬಿಜನೋರಿನ ಕಂಠಕ್ಕೆ ಗೋವೆಯ ಕಿವಿ, ಕನ್ನಡ ನಾಡಿನ ಕಿವಿ ದೊರೆತವು. ಕಲೆಯಲ್ಲಿ ಹೊಸತು ಹುಟ್ಟುವುದು ಇಂಥ ನೆರೆಹೊರೆಯಲ್ಲಿ.

ಘರಾಣೆಯೆಂದರೆ ಮನೆತನ, ನಗರವು ಅದರ ವಿಳಾಸ ಮಾತ್ರ ಎಂದು ಆಕ್ಷೇಪಿಸಬಹುದು. ಆದರೆ ದಕ್ಷಿಣದ ರಾಗಕ್ಕೆ ಬಾಗಿಲು ತೆರೆದ ಈ ಮನೆತನವು, ತಾನು ನಿಂತ ಬೀದಿಯಿಂದಲೂ ಏನನ್ನೋ ಪಡೆಯಿತೆನ್ನದೆ ಗತ್ಯಂತರವಿಲ್ಲ.

ನಗರದ ದೋಷವನ್ನೂ ಮರೆಮಾಚಬೇಕಾಗಿಲ್ಲ. ಹೆರುವುದರಲ್ಲಿ ಉದಾರವಾದ ಮುಂಬಯಿ ಸಾಕುವುದರಲ್ಲಿ ಉದಾಸೀನವಾಯಿತು; ಕಿರಾಣಾ, ಜಯಪುರಗಳೆದುರು ಇಂದು ಈ ಘರಾಣೆಯ ಗಾಯಕರು ವಿರಳ. ಸಾಕುವ ಹೊಣೆ ನಗರದಲ್ಲಿ ನೆಲಸಿದವರದು. ಊರಿನಿಂದ ತಂದ ಬುತ್ತಿಯನ್ನು ಕೆಡದಂತೆ ಕಾಯುವುದಷ್ಟೇ ಹೊರನಾಡ ಕನ್ನಡಿಗರ ಸಂಸ್ಕೃತಿಕಾರ್ಯವೆಂದು ಬಗೆದರೆ ಸಾಲದು. ನೆರೆಮನೆಯ ಒಲೆಯ ಮೇಲೆ ಬೇಯುತ್ತಿರುವುದೇನೆಂದು ವಿಚಾರಿಸುವ ಕುತೂಹಲವೂ ನಮ್ಮಲ್ಲಿರಬೇಕು. ಅಮಾನ್ ಅಲೀಖಾನರಿಗೆ ಹಂಸಧ್ವನಿ ದಕ್ಕಿದುದು ಆ ಕುತೂಹಲದಿಂದಲೇ.