ಕಬ್ಬಿನ ನೆಲವೂ ಅದನ್ನು ಅಗೆದವರೂ: ರಾಡ್ನಿಯವರ ಗಯಾನಾ ಚರಿತ್ರೆ

ಕಬ್ಬಿನ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಗಾಣದಿಂದಲೋ ಪೇಟೆಯ ಧಾರಣೆಯಿಂದಲೋ ಆರಂಭಿಸುತ್ತಾರೆ. ಕಬ್ಬು ನಿಂತ ನೆಲ ಮೊದಲಿನಿಂದಲೂ ಅಲ್ಲಿತ್ತೆಂದು ಭಾವಿಸುವುದು ರೂಢಿ. ನೆಲವನ್ನೇ ಮನುಷ್ಯನು ಮಾಡಿಕೊಳ್ಳಬೇಕಾಗಿ ಬಂದ ದೇಶಗಳಲ್ಲಿ ಈ ಭಾವನೆ ಚರಿತ್ರಕಾರನನ್ನು ದಾರಿ ತಪ್ಪಿಸುತ್ತದೆ. ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಗಯಾನಾ ಅಂಥ ದೇಶ. ಅಲ್ಲಿನ ಶ್ರಮಜೀವಿಗಳನ್ನು ಕುರಿತು ವಾಲ್ಟರ್ ರಾಡ್ನಿಯವರು ಬರೆದ ಚರಿತ್ರೆ 1981ರಲ್ಲಿ ಪ್ರಕಟವಾಯಿತು. ಅದರ ಹಿಂದಿನ ವರ್ಷ, 1980ರ ಜೂನ್ 13ರಂದು, ಲೇಖಕರು ಜಾರ್ಜ್‌ಟೌನಿನಲ್ಲಿ ಬಾಂಬಿಗೆ ಬಲಿಯಾಗಿದ್ದರು. ಆ ಮರಣವು ಗ್ರಂಥಕ್ಕೆ ತಂದ ಪ್ರಭೆಯನ್ನು ಬದಿಗಿಟ್ಟು, ನೆಲದ ವಿಷಯದಲ್ಲಿ ಅದು ಏನನ್ನು ಸ್ಥಾಪಿಸಿದೆ, ಏನನ್ನು ಹೇಳದೆ ಉಳಿಸಿದೆ ಎಂಬುದನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ.

ಗಯಾನಾದ ಕರಾವಳಿ ಉಬ್ಬರದ ವೇಳೆ ಕಡಲ ಮಟ್ಟಕ್ಕಿಂತ ಕೆಳಗೆ ಬೀಳುವ ಜೇಡಿಮಣ್ಣಿನ ಬಯಲು. ಮುಂದೆ ಸಮುದ್ರ, ಹಿಂದೆ ಮಳೆನೀರು ನಿಂತ ಜೌಗು. ಡಚ್ಚರು ಮೊದಲು ನದಿಗಳ ಮೇಲ್ಭಾಗದಲ್ಲಿ ಬೇಸಾಯ ನಡೆಸಿ, 18ನೆಯ ಶತಮಾನದಲ್ಲಿ ಫಲವತ್ತಾದ ಈ ಕರಾವಳಿಗೆ ಇಳಿದರು. ಪ್ರತಿಯೊಂದು ತೋಟವೂ ಕಡಲಿನಿಂದ ಒಳಕ್ಕೆ ಚಾಚಿದ ಇಕ್ಕಟ್ಟಾದ ಉದ್ದನೆಯ ಪಟ್ಟಿ. ಮುಂದೊಂದು ಒಡ್ಡು, ಹಿಂದೊಂದು ಒಡ್ಡು, ಎರಡು ಮಗ್ಗುಲಿಗೂ ಒಡ್ಡು. ಇಳಿತದಲ್ಲಿ ತೆರೆದು ಉಬ್ಬರದಲ್ಲಿ ಮುಚ್ಚುವ ತೂಬಿಗೆ ಡಚ್ಚರಿಂದ ಬಂದ ‘ಕೋಕರ್’ ಎಂಬ ಹೆಸರೇ ಅಲ್ಲಿ ನಿಂತಿದೆ. ಉತ್ತರ ಕನ್ನಡದ ಗಜನಿ ಗದ್ದೆಗಳನ್ನು ಬಲ್ಲವರಿಗೆ ಈ ಉಪಾಯ ಅಪರಿಚಿತವಲ್ಲ. ಆದರೆ ಗಜನಿಯಲ್ಲಿ ರೈತನು ಉಪ್ಪುನೀರಿನೊಡನೆ ಹೊಂದಿಕೊಂಡು ಕಗ್ಗ ಬತ್ತವನ್ನು ಬೆಳೆದನು. ಗಯಾನಾದ ತೋಟದೊಡೆಯನು ದೂರದ ಪೇಟೆಗಾಗಿ ಒಂದೇ ಬೆಳೆಯನ್ನು ಗುಲಾಮರ ಕೈಯಿಂದ ಬೆಳೆಸಿದನು.

ರಾಡ್ನಿಯವರ ಗ್ರಂಥದ ಬಲವೆಲ್ಲ ಅದರ ಆರಂಭದಲ್ಲಿಯೇ ಪ್ರಕಟವಾಗುತ್ತದೆ. 1948ರಲ್ಲಿ ಬ್ರಿಟಿಷ್ ಸರಕಾರವು ನೇಮಿಸಿದ ವೆನ್ ಸಕ್ಕರೆ ಆಯೋಗವು ಒಂದು ಅಂದಾಜನ್ನು ಕೊಟ್ಟಿತ್ತು: ಒಂದು ಚದರ ಮೈಲಿ ಕಬ್ಬಿಗೆ 49 ಮೈಲಿ ಬಸಿಗಾಲುವೆಗಳೂ, ಸಾಗಣೆಗೂ ನೀರಾವರಿಗೂ 16 ಮೈಲಿ ಮೇಲ್ಮಟ್ಟದ ಕಾಲುವೆಗಳೂ ಬೇಕು, ಇವೆಲ್ಲವನ್ನೂ ಮೊದಲು ತೋಡುವಾಗ ಕನಿಷ್ಠ 10 ಕೋಟಿ ಟನ್ನು ಮಣ್ಣನ್ನು ಎತ್ತಿರಬೇಕು. ಆಯೋಗಕ್ಕೆ ಇದು ಎಂಜಿನಿಯರಿಂಗಿನ ಲೆಕ್ಕ. ರಾಡ್ನಿಯವರು ಇದೇ ಅಂಕಿಯ ಪಕ್ಕದಲ್ಲಿ ಸಲಿಕೆ ಹಿಡಿದು ಕೆಸರಿನಲ್ಲಿ ನಿಂತ ಗುಲಾಮನನ್ನು ತಂದು ನಿಲ್ಲಿಸಿದರು. ‘ಡಚ್ಚರು ಕಟ್ಟಿದ ನೆಲ’ ಎಂಬ ಮಾತು ಅಲ್ಲಿಗೆ ಅಪೂರ್ಣವಾಯಿತು.

ಅವರ ಎರಡನೆಯ ಸಾಧನೆ ಇನ್ನೂ ಸೂಕ್ಷ್ಮವಾದದ್ದು. ನೀರು ಯಾರ ಕೈಯಲ್ಲಿದೆಯೋ ಕೂಲಿಯ ದರವೂ ಅವರ ಕೈಯಲ್ಲಿದೆ ಎಂಬುದನ್ನು ಅವರು ತೋರಿಸಿಕೊಡುತ್ತಾರೆ. ಗುಲಾಮಗಿರಿಯಿಂದ 1838ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ಆಫ್ರಿಕನರು ಹಣ ಕೂಡಿಸಿ ತೋಟಗಳನ್ನೇ ಕೊಂಡರು. 1839ರಲ್ಲಿ 83 ಜನ ಸೇರಿ ಕೊಂಡ ತೋಟ ವಿಕ್ಟೋರಿಯಾ ಗ್ರಾಮವಾಯಿತು. 1840ರಲ್ಲಿ 128 ಜನ ಕೊಂಡದ್ದು ಬಕ್ಸ್‌ಟನ್. ಒಡೆತನ ಬಂದಿತು, ನೀರನ್ನು ಹೊರಹಾಕುವ ಸಾಮರ್ಥ್ಯ ಬರಲಿಲ್ಲ. ತೋಟದೊಡೆಯರಿಗೆ ಉಗಿಯಂತ್ರದ ಪಂಪುಗಳಿದ್ದವು; ಹಳ್ಳಿಗೆ ಆ ಬಂಡವಾಳವಿರಲಿಲ್ಲ. ಬೆಳೆ ಮುಳುಗಿದಾಗ ಹಳ್ಳಿಗನು ಮತ್ತೆ ತೋಟದ ಕೂಲಿಗೆ ಹೋಗಬೇಕಾಯಿತು. ಅದೇ ಕೂಲಿಯನ್ನು ಇಳಿಸಿಡುವುದಕ್ಕೆ ಒಡೆಯರು ಭಾರತದಿಂದ ಕರಾರು ಕೂಲಿಗಳನ್ನು ತರಿಸಿದರು. 1838ರಿಂದ 1917ರವರೆಗೆ ಬಂದವರು ಸುಮಾರು 2,39,000. ಹೆಚ್ಚಿನವರು ಕಲ್ಕತ್ತೆಯಿಂದ, ಸಣ್ಣದೊಂದು ಪಾಲು ಮದರಾಸಿನಿಂದ.

ಈ ಎರಡು ಜನಾಂಗಗಳ ನಡುವೆ 1962ರಿಂದ 1964ರವರೆಗೆ ರಕ್ತ ಹರಿದಿತ್ತು. ‘ನೆಲ ಮಾಡಿದವರು ನಾವು’ ಎಂದು ಒಬ್ಬರು, ‘ಸಕ್ಕರೆಯನ್ನು ಉಳಿಸಿದವರು ನಾವು’ ಎಂದು ಇನ್ನೊಬ್ಬರು ವಾದಿಸಬಹುದಾದ ದೇಶದಲ್ಲಿ, ಇಬ್ಬರೂ ಅದೇ ಕೆಸರಿನಲ್ಲಿ ನಿಂತವರೆಂದು ಹೇಳಲು ವಿದ್ವತ್ತಿನೊಡನೆ ಧೈರ್ಯವೂ ಬೇಕು. ಸ್ವತಃ ಆಫ್ರಿಕನ್ ವಂಶದವರಾದ ರಾಡ್ನಿಯವರು ಭಾರತೀಯ ಕೂಲಿಗಾರನ ಪಾಡನ್ನು ಪಕ್ಷಪಾತವಿಲ್ಲದೆ ತೂಗಿದ್ದಾರೆ. ಭೇದವಿತ್ತೆಂಬುದನ್ನು ಅವರು ಮರೆಮಾಚುವುದಿಲ್ಲ. ಆ ಭೇದದಿಂದ ಲಾಭ ಪಡೆದವರಾರೆಂದು ಕೇಳುತ್ತಾರೆ.

ಇಷ್ಟು ಮೆಚ್ಚಿದ ಮೇಲೆ ಎರಡು ಕೊರತೆಗಳನ್ನು ಹೇಳಬೇಕು. ಮೊದಲನೆಯದು, ಗ್ರಂಥದ ಕಾಲ 1881ರಿಂದ 1905. ಮೊದಲ ಅಗೆತದ ಬಹುಭಾಗ ಮುಗಿದುಹೋದದ್ದು ಅದಕ್ಕೂ ಹಿಂದೆ. ಆದ್ದರಿಂದ ಆ ಮಹಾಕಾರ್ಯ ಇಲ್ಲಿ ಪೀಠಿಕೆಯಾಗಿ ಬರುತ್ತದೆಯೇ ಹೊರತು ಕಥೆಯಾಗಿ ಬರುವುದಿಲ್ಲ. 10 ಕೋಟಿ ಟನ್ನು ಎಂಬುದು ಅಳತೆಯಲ್ಲ, ಅಂದಾಜು. ಅದು ಮಣ್ಣನ್ನು ಎಣಿಸುತ್ತದೆ, ಆ ಮಣ್ಣಿನಲ್ಲಿ ಬಿದ್ದ ಜೀವಗಳನ್ನು ಎಣಿಸುವುದಿಲ್ಲ. ಎರಡನೆಯದು, ಕೂಲಿಗಾರರು ಇಲ್ಲಿ ಮಾತಾಡುವುದು ಹೆಚ್ಚಾಗಿ ಸರಕಾರಿ ಕಡತಗಳ ಮತ್ತು ಪತ್ರಿಕೆಗಳ ಇಂಗ್ಲಿಷಿನಲ್ಲಿ. ಹಡಗಿನೊಡನೆ ಹೋದ ಭೋಜಪುರಿಯಲ್ಲಿ, ತಮಿಳಿನಲ್ಲಿ ಅವರು ಆ ಕೆಸರನ್ನು ಏನೆಂದು ಕರೆದರು, ಏನು ಹಾಡಿಕೊಂಡರು ಎಂಬುದು ನಮಗೆ ಕೇಳಿಸದು. ಊರು ಬಿಟ್ಟು ಬಂದು ಪರನಾಡಿನಲ್ಲಿ ಭಾಷೆಯನ್ನು ಉಳಿಸಿಕೊಂಡಿರುವ ನಮಗೆ ಈ ಮೌನ ಹೆಚ್ಚಾಗಿ ತಟ್ಟಬೇಕು.

ನಮ್ಮ ಮಂಡ್ಯದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಅಲ್ಲಿ ನೀರನ್ನು ಹೊರಹಾಕಿ ಅಲ್ಲ, ಕಾವೇರಿಯ ನೀರನ್ನು ತಂದು ಕಬ್ಬು ಬೆಳೆಸಿದರು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ನಾಲೆಗೆ ವಿಶ್ವೇಶ್ವರಯ್ಯನವರ ಹೆಸರಿದೆ; ಅದು ಯುಕ್ತವೇ. ಆದರೆ ಆ ನಾಲೆಯನ್ನು ತೋಡಿದವರು ಯಾರು, ಎಲ್ಲಿಂದ ಬಂದರು, ಕನ್ನಂಬಾಡಿಯ ಜಲಾಶಯದಲ್ಲಿ ಮನೆ ಮುಳುಗಿದವರು ಎಲ್ಲಿಗೆ ಹೋದರು ಎಂದು ಕೇಳುವ ಚರಿತ್ರಕಾರರು ನಮ್ಮಲ್ಲಿ ವಿರಳ. ಗಯಾನಾದ ಗುಲಾಮಗಿರಿಗೂ ಮೈಸೂರಿನ ಕೂಲಿಗೂ ಸಮೀಕರಣ ಮಾಡುವುದು ತಪ್ಪು. ಆದರೂ ಕಾಲುವೆಯನ್ನು ನೋಡಿದಾಗ ಮೊದಲು ಅಗೆದವನನ್ನು ಕೇಳು ಎಂಬ ವಿಧಾನ ಎರಡೂ ಕಡೆ ಸಲ್ಲುತ್ತದೆ. ರಾಡ್ನಿಯವರಿಂದ ಕನ್ನಡದ ಸಂಶೋಧಕನು ಕಲಿಯಬೇಕಾದದ್ದು ಈ ವಿಧಾನವನ್ನು. ಅವರು ಪೀಠಿಕೆಯಲ್ಲಿ ನಿಲ್ಲಿಸಿದ್ದನ್ನು ನಾವು ಮೊದಲ ಅಧ್ಯಾಯವಾಗಿ ಬರೆದರೆ ಅವರ ಋಣ ಒಂದಿಷ್ಟು ತೀರೀತು.