ಕೋವಿಯ ಮೈಮೇಲಿನ ಬರಹ: ಜರ್ಮನ್ ಸೈನ್ಯದ ಹಳೆಯ ಕೋವಿಗಳ ಪರೀಕ್ಷಾಕ್ರಮವನ್ನು ಕುರಿತು

ಹಳೆಯ ನಾಣ್ಯಗಳನ್ನೂ ತಾಮ್ರಪಟಗಳನ್ನೂ ಕೂಡಿಹಾಕುವವರಂತೆಯೇ ಹಳೆಯ ಆಯುಧಗಳನ್ನು ಸಂಗ್ರಹಿಸುವವರೂ ಉಂಟು. ಅವರಲ್ಲಿ 1871ರಿಂದ 1945ರವರೆಗಿನ ಜರ್ಮನ್ ಸೈನ್ಯದ ಕೋವಿಗಳನ್ನೇ ಅರಸುವವರದು ಒಂದು ಪ್ರತ್ಯೇಕ ಪಂಥವೆನ್ನಬಹುದು. ಯೂರೋಪು ಅಮೆರಿಕಗಳಲ್ಲಿ ಈ ವಿಷಯವಾಗಿ ಬೆಳೆದಿರುವ ವಾಙ್ಮಯವು ಅಲ್ಪವಲ್ಲ. ಗ್ರಂಥಗಳೊಡನೆ ಕಾಲ ಕಳೆಯುವ ನಮಗೆ ಇದರ ಗೊಡವೆಯೇಕೆಂದು ವಾಚಕರು ಕೇಳಿಯಾರು. ಆ ಕೋವಿಗಳ ಮೈಮೇಲೆ ಬರಹವಿದೆ; ಬರಹವಿದ್ದಲ್ಲಿ ಪಾಠದ ಪ್ರಶ್ನೆಯೂ ಪ್ರಕ್ಷೇಪದ ಪ್ರಶ್ನೆಯೂ ತಪ್ಪುವುದಿಲ್ಲ. ಸಂಗ್ರಾಹಕರು ಈ ಬರಹವನ್ನು ಓದುವ ಕ್ರಮವು ಎಷ್ಟರಮಟ್ಟಿಗೆ ಸಮರ್ಪಕವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1888ರಲ್ಲಿ ಜರ್ಮನ್ ಸೈನ್ಯವು ಅಂಗೀಕರಿಸಿದ 'ಗೆವೇರ್ 88' ಎಂಬುದನ್ನು ಮೊದಲು ತೆಗೆದುಕೊಳ್ಳೋಣ. ಗೆವೇರ್ ಎಂದರೆ ಕೋವಿ. ನಳಿಗೆಯ ಬುಡವು ಸೇರುವ ಉಕ್ಕಿನ ಗೂಡಿನ ಮೇಲೆ ಕಿರೀಟ, ಕಾರ್ಖಾನೆಯ ಹೆಸರು, ಇಸವಿ ಇವುಗಳನ್ನು ಕೊರೆದಿರುತ್ತಾರೆ. ಪಕ್ಕದಲ್ಲಿ ಮಾದರಿಯ ಹೆಸರಿರುತ್ತದೆ. ಬಿಡಿಭಾಗಗಳಲ್ಲೆಲ್ಲ ಕ್ರಮಾಂಕವೋ ಅದರ ಕೊನೆಯ ಅಂಕೆಗಳೋ ಕಾಣುತ್ತವೆ. ಎಣಿಕೆಯು ಹತ್ತು ಸಾವಿರವನ್ನು ಮುಟ್ಟುತ್ತಲೇ ಮತ್ತೆ ಒಂದರಿಂದ ಆರಂಭವಾಗಿ, ಅಂಕೆಯ ಜೊತೆಗೆ ಅಕ್ಷರವೊಂದು ಬಂದು ಕೂಡುತ್ತದೆ. ಪ್ರತಿಯೊಂದು ಕಾರ್ಖಾನೆಯೂ ಪ್ರತಿವರ್ಷವೂ ಹೀಗೆಯೇ ಎಣಿಸುತ್ತಿದ್ದುದರಿಂದ ಒಂದೇ ಕ್ರಮಾಂಕದ ಹಲವು ಕೋವಿಗಳಿರುವುದು ಆಶ್ಚರ್ಯವಲ್ಲ. ಇವಲ್ಲದೆ, ಪರೀಕ್ಷಾಧಿಕಾರಿಗಳು ಒಂದೊಂದು ಭಾಗವನ್ನೂ ನೋಡಿ ಒಪ್ಪಿ ಒತ್ತಿದ, ಸಾಸಿವೆಕಾಳಿನಷ್ಟು ಸಣ್ಣ ಕಿರೀಟಾಕ್ಷರಗಳುಂಟು. ದಂಡಿಗೆ ಸೇರಿದ ಮೇಲೆ ಒತ್ತಿದ ಗುರುತು ಮತ್ತೊಂದು. '17. ಆರ್. 5. 120' ಎಂದಿದ್ದರೆ ಹದಿನೇಳನೆಯ ಕಾಲ್ದಳದ ರೆಜಿಮೆಂಟು, ಐದನೆಯ ಕಂಪನಿ, ನೂರಿಪ್ಪತ್ತನೆಯ ಕೋವಿ ಎಂದು ಓದಬೇಕು. ತಾಳೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆದಿಟ್ಟರೆ ನಾವು ಹಿಗ್ಗುತ್ತೇವೆ. ಇಲ್ಲಿ ಒಂದೊಂದು ತಿರುಪಿಗೂ ಲಿಪಿಕಾರನುಂಟು.

ಈ ಕೋವಿಯ ಹುಟ್ಟು ಆತುರದ್ದು. 1886ರಲ್ಲಿ ಫ್ರೆಂಚರು ಹೊಗೆಯಿಲ್ಲದ ಮದ್ದಿನ ಲೆಬೆಲ್ ಕೋವಿಯನ್ನು ಸೈನ್ಯಕ್ಕೆ ತಂದರು. ಅದುವರೆಗೆ ಜರ್ಮನರ ಕೈಯಲ್ಲಿದ್ದ ಹನ್ನೊಂದು ಮಿಲಿಮೀಟರಿನ ಕರಿಮದ್ದಿನ ಮೌಸರ್ ಕೋವಿಗಳು ಒಮ್ಮೆಗೇ ಹಳೆಯವಾದುವು. ಸ್ಪಾಂಡೌವಿನ ಕೋವಿ ಪರೀಕ್ಷಾಸಮಿತಿಯು ಮಾನ್‌ಲಿಶರನ ಮಾದರಿಯ ತೋಟಾಗೂಡನ್ನೂ, ನಳಿಗೆಯ ಸುತ್ತ ಉಕ್ಕಿನ ಹೊದಿಕೆಯೊಂದನ್ನೂ, ತನ್ನವರೇ ರಚಿಸಿದ ಬೋಲ್ಟನ್ನೂ ಕೂಡಿಸಿ ಹೊಸದೊಂದನ್ನು ಸಿದ್ಧಪಡಿಸಿತು. ಸಮಿತಿಗಳು ರಚಿಸಿದ ಪಠ್ಯಪುಸ್ತಕಗಳನ್ನು ಕಲಿಸಿದ ಉಪಾಧ್ಯಾಯರು ಮುಂದಿನ ಕಥೆಯನ್ನು ಊಹಿಸಬಲ್ಲರು. ನಳಿಗೆಗಳು ಕೆಲವೆಡೆ ಸಿಡಿದುವು. ಮೊದಲ ತೋಟಾವನ್ನು ಪೂರ್ತಿ ಒಳಗೆ ನೂಕಿ ಬೋಲ್ಟನ್ನು ಮುಚ್ಚದೆ ಹಿಂದಕ್ಕೆಳೆದರೆ ಅದು ಒಳಗೇ ಉಳಿದು, ಎರಡನೆಯದರ ಮೂತಿ ಅದರ ಬೆನ್ನಿಗೆ ತಾಗುವ ಅಪಾಯವೂ ಇತ್ತು. ಆದುದರಿಂದ ತಿದ್ದುಪಡಿಗಳ ಸಾಲೇ ಬಂದಿತು. ನಳಿಗೆಯೊಳಗಿನ ಸುರುಳಿಗೀರುಗಳ ಆಳವನ್ನು 0.10 ಮಿಲಿಮೀಟರಿನಿಂದ 0.15ಕ್ಕೆ ಹೆಚ್ಚಿಸಿದಾಗ 'ಝಡ್' ಅಕ್ಷರವನ್ನೂ, ಮೊನಚುಗುಂಡಿನ ಹೊಸ ತೋಟಾಕ್ಕೆ ಹೊಂದಿಸಿದಾಗ 'ಎಸ್' ಅಕ್ಷರವನ್ನೂ ಒತ್ತಿದರು. 1905ರಲ್ಲಿ ತೋಟಾ ತುಂಬುವ ಕ್ರಮವೇ ಮಾರ್ಪಟ್ಟು '88/05' ಆಯಿತು. 1914ರ ಯುದ್ಧದ ಅವಸರದಲ್ಲಿ ಅದೇ ಕೆಲಸವನ್ನು ಒರಟಾಗಿ ಮಾಡಿ '88/14' ಎಂದರು.

ಹೀಗಿರುವಾಗ ಸಂಗ್ರಾಹಕರು ಎಲ್ಲಕ್ಕೂ ಮಿಗಿಲಾಗಿ ಬಯಸುವುದು ಏನನ್ನು? ಎಲ್ಲ ಭಾಗಗಳ ಅಂಕೆಯೂ ಒಂದೇ ಆಗಿರುವ ಕೋವಿಯನ್ನು. ಅದಕ್ಕೆ ಬೆಲೆಯೂ ಹೆಚ್ಚು, ಗೌರವವೂ ಹೆಚ್ಚು. ಅಂಕೆಗಳು ಹೊಂದದಿದ್ದರೆ 'ಮಿಶ್ರ'ವೆಂದು ಮೂಗು ಮುರಿಯುವರು. ಇದು ಶುದ್ಧಪಾಠದ ಮೋಹವಲ್ಲದೆ ಬೇರೆಯಲ್ಲ. ಕಾರ್ಖಾನೆಯಿಂದ ಹೊರಟ ಕೋವಿಯು ಅಂಗಡಿಯಲ್ಲಿ ಉಳಿಯಲಿಲ್ಲ. ಯುದ್ಧಕ್ಕೆ ಹೋಯಿತು, ಮುರಿಯಿತು, ದುರಸ್ತಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತುರ್ಕರಿಗೆ ಹೋದ ಗೆವೇರ್ 88ಗಳಲ್ಲಿ ಹಲವನ್ನು, 1928ರಲ್ಲಿ ಅವರ ಲಿಪಿಯು ಬದಲಾದ ತರುವಾಯ, ಅಂಕಾರಾದ ಕಾರ್ಖಾನೆಯಲ್ಲಿ ಪುನಃ ತಿದ್ದಿದರು. ಅಂಥದೊಂದರ ಮೇಲೆ ಜರ್ಮನ್ ಕಿರೀಟ, ಅರಬ್ಬೀ ರೂಪದ ಅಂಕೆಗಳು, ರೋಮನ್ ಲಿಪಿಯ ಗಣರಾಜ್ಯದ ಮುದ್ರೆ ಮೂರೂ ಒಟ್ಟಿಗೆ ದೊರೆಯಬಹುದು. ಒಂದು ರಾಜ್ಯವು ಅಳಿದು ಇನ್ನೊಂದು ಹುಟ್ಟಿದ್ದನ್ನು ಅಂಗೈಯಗಲದ ಉಕ್ಕಿನಲ್ಲಿ ಓದಬಹುದಾದ ಈ ವಸ್ತುವನ್ನು ಕೆಳದರ್ಜೆಯದೆಂದು ಪಟ್ಟಿಯಲ್ಲಿ ಕಾಣಿಸುವುದು ಯಾವ ನ್ಯಾಯ?

ಇನ್ನು ಕೆಲವು ಕೋವಿಗಳಲ್ಲಿ ಮಿಶ್ರತೆಯೇ ಮೂಲಪಾಠ. 1898ರ ಮಾದರಿಯ ಕೋವಿಗಳನ್ನು ಯುದ್ಧಕಾಲದಲ್ಲಿ ಬೇರೆ ಬೇರೆ ಕಾರ್ಖಾನೆಗಳು ಮಾಡಿದ ಭಾಗಗಳಿಂದ ಜೋಡಿಸಿ, ಒಂದರ ಭಾಗವು ಇನ್ನೊಂದಕ್ಕೆ ಸರಿಯಾಗಿ ಕೂಡದೆಂಬ ಎಚ್ಚರಿಕೆಗಾಗಿ ನಕ್ಷತ್ರವನ್ನು ಒತ್ತಿದರು. ಇವೇ 'ನಕ್ಷತ್ರದ ಕೋವಿ'ಗಳು. ಇದಕ್ಕೆ ವಿಪರೀತವಾದುದೂ ಉಂಟು. 1945ರ ಅನಂತರ ರಷ್ಯದವರು ತಮಗೆ ಸೆರೆಸಿಕ್ಕ ಜರ್ಮನ್ ಕೋವಿಗಳನ್ನು ಬಿಚ್ಚಿ, ತೊಳೆದು, ಬಣ್ಣವೇರಿಸಿ, ಕೈಗೆ ಬಂದ ಭಾಗಗಳನ್ನು ಜೋಡಿಸಿ, ವಿದ್ಯುತ್ ಲೇಖನಿಯಿಂದ ಅವುಗಳ ಮೇಲೆ ಒಂದೇ ಅಂಕೆಯನ್ನು ಬರೆದರು. ಇಲ್ಲಿ ಅಂಕೆಗಳೆಲ್ಲ ಹೊಂದುತ್ತವೆ. ಆದರೆ ಹೊಂದಿಕೆಯೇ ಪ್ರಕ್ಷಿಪ್ತ. ಲಾಭಕ್ಕಾಗಿ ಹೊಸದಾಗಿ ಅಂಕೆ ಕೊರೆಯುವ ವಂಚಕರದು ಕೂಟಶಾಸನದ ವರ್ಗಕ್ಕೆ ಸೇರಿದ ವಿಷಯ. ಅದನ್ನು ಕುರಿತು ಸಂಗ್ರಾಹಕರೇ ಸಾಕಷ್ಟು ಬರೆದಿರುವರು.

ಗುರುತನ್ನು ಕಂಡುಹಿಡಿದ ಮಾತ್ರಕ್ಕೆ ಅರ್ಥವು ಸಿಕ್ಕಿತೆಂದು ಭಾವಿಸುವುದು ಎರಡನೆಯ ದೋಷ. 'ಎಸ್' ಅಕ್ಷರವನ್ನು ಕಂಡವರು ಈ ಕೋವಿಯ ನಳಿಗೆಯೇ ಹೊಸ ಗುಂಡಿನ ಅಳತೆಯದೆಂದು ನಂಬುವುದುಂಟು. ಹಳೆಯ ಗುಂಡಿನ ವ್ಯಾಸ 8.08 ಮಿಲಿಮೀಟರು, ಹೊಸದರದು 8.22. ತೋಟಾ ಕೂಡುವ ಜಾಗವನ್ನು ಹಿಗ್ಗಿಸಿತೆಂದಷ್ಟೇ ಆ ಅಕ್ಷರವು ಹೇಳುವುದು. ನಳಿಗೆಯನ್ನು ಬದಲಿಸಿತೆಂದು ಹೇಳುವುದಿಲ್ಲ. ಕಾವ್ಯದಲ್ಲಿ ಒಂದು ಪದವನ್ನು ತಪ್ಪಾಗಿ ಓದಿದರೆ ಪ್ರತಿವಿಮರ್ಶೆಯೊಂದು ಬಂದೀತು. ಇಲ್ಲಿ ತಪ್ಪಾಗಿ ಓದಿದವನ ಮುಖದ ಮುಂದೆ ಉಕ್ಕು ಸಿಡಿಯಬಹುದು.

ಆದರೆ ಗೆವೇರ್ 88ರ ಚರಿತ್ರೆಯಲ್ಲಿ ಅತ್ಯಂತ ಅನರ್ಥಕಾರಿಯಾದ ಅಪಪಾಠವು ಸಂಗ್ರಾಹಕರದಲ್ಲ. ಅವರ ವಾಙ್ಮಯವು ಹುಟ್ಟುವುದಕ್ಕೆ ಮೊದಲೇ ನಡೆದುದು. ಸ್ಪಾಂಡೌ, ಡಾನ್ಜಿಗ್, ಎರ್ಫುರ್ಟ್, ಆಂಬೆರ್ಗ್ ಎಂಬ ಸರ್ಕಾರೀ ಕಾರ್ಖಾನೆಗಳಲ್ಲದೆ ಬರ್ಲಿನ್ನಿನ ಲುಡ್ವಿಗ್ ಲ್ಯೋವೆ ಸಂಸ್ಥೆಯೂ ಈ ಕೋವಿಗಳನ್ನು ಲಕ್ಷಗಟ್ಟಲೆ ಮಾಡಿಕೊಟ್ಟಿತು. ಅದರ ಒಡೆಯರು ಯೆಹೂದ್ಯರು. 1892ರಲ್ಲಿ ಹೆರ್ಮಾನ್ ಆಲ್ವಾರ್ಟ್ ಎಂಬವನು, ಈತನೊಬ್ಬ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದವನೆಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ, 'ಯೆಹೂದ್ಯರ ಕೋವಿಗಳು' ಎಂದು ಕರೆದು ಒಂದು ಪುಸ್ತಿಕೆಯನ್ನು ಹೊರಡಿಸಿದನು. ಜರ್ಮನ್ ಸೈನ್ಯವನ್ನು ಕೆಡಿಸಲು ಲ್ಯೋವೆಯವರು ಬುದ್ಧಿಪೂರ್ವಕವಾಗಿ ಕೆಟ್ಟ ಕೋವಿಗಳನ್ನು ಮಾಡಿದರೆಂಬುದು ಅವನ ವಾದ. ಕೋವಿಯಲ್ಲಿ ದೋಷವಿದ್ದುದು ನಿಜ. ಆದರೆ ಅದು ಸಮಿತಿಯ ರಚನೆಯಲ್ಲಿದ್ದ ದೋಷ. ಸರ್ಕಾರದ ಕಾರ್ಖಾನೆಗಳಿಂದ ಬಂದ ಕೋವಿಗಳಿಗೂ ಅಂಟಿದ್ದ ದೋಷ. ಲ್ಯೋವೆಯ ಕೋವಿಯನ್ನು ಸ್ಪಾಂಡೌವಿನದರ ಪಕ್ಕದಲ್ಲಿಟ್ಟು ನೋಡಿದ್ದರೆ, ಎರಡರಲ್ಲಿಯೂ ಸರ್ಕಾರದ ಪರೀಕ್ಷಾಧಿಕಾರಿಗಳ ಕಿರೀಟಾಕ್ಷರಗಳು ಕಾಣುತ್ತಿದ್ದುವು. ಆಲ್ವಾರ್ಟನು ಪ್ರತಿಗಳನ್ನು ಹೋಲಿಸಲಿಲ್ಲ. ಮೇಲಿನ ಹೆಸರೊಂದನ್ನು ಓದಿ, ತನ್ನ ಮನಸ್ಸಿನಲ್ಲಿದ್ದ ಪಾಠವನ್ನು ಉಕ್ಕಿನ ಮೇಲೆ ಬರೆದನು. ಚಾನ್ಸಲರ್ ಕಾಪ್ರೀವಿಯು ಆ ಕೋವಿಗಳ ಪರವಾಗಿ ಬಹಿರಂಗವಾಗಿ ಮಾತನಾಡಿದನು. ನ್ಯಾಯಾಲಯವು ಮಾನಹಾನಿಗಾಗಿ ಆಲ್ವಾರ್ಟನಿಗೆ ಐದು ತಿಂಗಳ ಸೆರೆವಾಸವನ್ನು ವಿಧಿಸಿತು. ಅದೇ ವರ್ಷ ಮತದಾರರು ಅವನನ್ನು ರೈಖ್‌ಸ್ಟಾಗಿಗೆ ಆರಿಸಿ ಕಳುಹಿಸಿದರು.

ಇಂದಿನ ಸಂಗ್ರಾಹಕರ ಪುಸ್ತಕಗಳಲ್ಲಿ ಈ ಪ್ರಕರಣವು ಬಂದರೂ ಮಾದರಿಯ ಇತಿಹಾಸದಲ್ಲೊಂದು ಕುತೂಹಲದ ಉಪಕಥೆಯಾಗಿ ಬಂದು ಹೋಗುತ್ತದೆ. ಇಂಗೋಲ್‌ಸ್ಟಾಟ್ ನಗರದ ಬವೇರಿಯ ಸೈನ್ಯ ವಸ್ತುಸಂಗ್ರಹಾಲಯದ ಡೀಟರ್ ಸ್ಟೋರ್ಟ್ಸ್ ಅವರಂತೆ ಸರ್ಕಾರೀ ಕಾಗದಪತ್ರಗಳನ್ನು ಶೋಧಿಸಿ ಬರೆದ ವಿದ್ವಾಂಸರ ಮಾತು ಬೇರೆ. ಸಾಮಾನ್ಯ ಕೈಪಿಡಿಗಳು ಗುರುತಿಗೊಂದು ಹೆಸರನ್ನು ಕೊಟ್ಟು ನಿಂತುಬಿಡುತ್ತವೆ. ಇದರಿಂದಾಗುವ ನಷ್ಟವೆಷ್ಟೆಂಬುದನ್ನು ತೋರಿಸಲು ಮೂರು ಕೋವಿಗಳನ್ನು ಸಾಲಾಗಿ ಇಡುವೆನು.

ಮೊದಲನೆಯದು 1916ರದು. ಅದರ ಮೇಲೆ 'ಸಿಮ್ಸನ್ ಮತ್ತು ಕಂಪನಿ, ಸೂಲ್' ಎಂದಿದೆ. ಸೂಲ್ ಎಂಬುದು ತ್ಯುರಿಂಗಿಯದಲ್ಲಿ ಕೋವಿ ಕಮ್ಮಾರಿಕೆಗೆ ಹೆಸರಾದ ಊರು. ಸಿಮ್ಸನ್ನರು ಅಲ್ಲಿನ ಯೆಹೂದ್ಯ ಮನೆತನದವರು. 1919ರ ವೆರ್ಸೈ ಸಂಧಿಯ ತರುವಾಯ ಕಟ್ಟುಪಾಡಿಗೊಳಗಾದ ಜರ್ಮನ್ ಸೈನ್ಯಕ್ಕೆ ಆಯುಧಗಳನ್ನು ಒದಗಿಸಲು ಅನುಮತಿಯಿದ್ದುದು ಈ ಸಂಸ್ಥೆಗೇ. ಎರಡನೆಯ ಕೋವಿ 1937ರದು. ಊರು ಅದೇ, ಕಾರ್ಖಾನೆಯೂ ಅದೇ. ಹೆಸರಿನ ಜಾಗದಲ್ಲಿ 'ಬಿ.ಎಸ್.ಡಬ್ಲ್ಯು.' ಎಂಬ ಮೂರಕ್ಷರ. ನಡುವೆ, 1935-36ರಲ್ಲಿ, ನಾಜಿಗಳು ಆ ಮನೆತನದಿಂದ ಕಾರ್ಖಾನೆಯನ್ನು ಕಸಿದುಕೊಂಡರು. ಮನೆಯವರು ದೇಶವನ್ನು ಬಿಟ್ಟುಹೋದರು. ಸಂಸ್ಥೆಯು ಆಮೇಲೆ, 1936ರಲ್ಲಿ ಡಾವೋಸಿನಲ್ಲಿ ಕೊಲೆಯಾದ ನಾಜಿ ಮುಖಂಡ ಗುಸ್ಟ್ಲೋಫನ ಹೆಸರನ್ನು ತಳೆಯಿತು. ಮೂರನೆಯ ಕೋವಿ 1944ರದು. ಅದರ ಮೇಲೆ ಹೆಸರೇ ಇಲ್ಲ; 'ಬಿಸಿಡಿ' ಎಂಬ ಸಂಕೇತವಿದೆ. ಅದು ವೈಮರಿನಲ್ಲಿದ್ದ ಗುಸ್ಟ್ಲೋಫ್ ಕಾರ್ಖಾನೆಗೆ ಕೊಟ್ಟ ಗುಪ್ತಾಕ್ಷರವೆಂದು ಕೈಪಿಡಿಗಳು ಸರಿಯಾಗಿಯೇ ತಿಳಿಸುತ್ತವೆ. ಅದೇ ಸಂಸ್ಥೆಯು 1943ರಿಂದ ಬುಖನ್‌ವಾಲ್ಟ್ ಸೆರೆಶಿಬಿರದ ಮಗ್ಗುಲಿನಲ್ಲಿಯೇ ಇನ್ನೊಂದು ಕಾರ್ಖಾನೆಯನ್ನು ನಡೆಸಿ, ಶಿಬಿರದ ಕೈದಿಗಳಿಂದ ಕೋವಿಯ ಭಾಗಗಳನ್ನು ಮಾಡಿಸಿತು. 1944ರ ಆಗಸ್ಟ್ 24ರಂದು ಅಮೆರಿಕದ ವಿಮಾನಗಳು ಅದರ ಮೇಲೆ ಬಾಂಬು ಸುರಿದಾಗ ಕೈದಿಗಳೂ ಸತ್ತರು.

ಮೊದಲನೆಯ ಕೋವಿಯ ಹೆಸರು, ಎರಡನೆಯದರ ಮೂರಕ್ಷರ, ಮೂರನೆಯದರ ಸಂಕೇತ ಇವು ಒಂದೇ ಪಂಕ್ತಿಯ ಮೂರು ಪಾಠಗಳು. ಒಂದೊಂದನ್ನೇ ಬಿಡಿಯಾಗಿ ಅರ್ಥವಿಸುವವನಿಗೆ ಅವು ತಯಾರಕರ ಪಟ್ಟಿಯ ಮೂರು ಸಾಲುಗಳಷ್ಟೆ. ಕೂಡಿಸಿ ಓದಿದವನಿಗೆ ಮಾತ್ರ ಹೆಸರು ಹೇಗೆ ಅಳಿಯಿತೆಂಬುದು ಗೋಚರವಾಗುವುದು. 1892ರಲ್ಲಿ ಯೆಹೂದ್ಯರ ಕಾರ್ಖಾನೆಯೊಂದರ ಹೆಸರನ್ನು ಕಂಡು ಕೂಗಾಡಿದ ಧ್ವನಿಯೂ, 1937ರ ಹೊತ್ತಿಗೆ ಅಂಥ ಹೆಸರನ್ನು ಉಕ್ಕಿನಿಂದ ಅಳಿಸಿದ ಕೈಯೂ ಒಂದೇ ಪರಂಪರೆಯವೆಂಬುದಕ್ಕೆ ಕೋವಿಗಳಿಗಿಂತ ನಿಷ್ಪಕ್ಷಪಾತಿಗಳಾದ ಸಾಕ್ಷಿಗಳು ಬೇಕಿಲ್ಲ.

ಯುದ್ಧದ ಕೊನೆಯ ವರ್ಷದ ಕೋವಿಗಳನ್ನು ಕುರಿತು ಮಾರಾಟದ ಪಟ್ಟಿಗಳಲ್ಲಿ 'ಕೆಲಸ ಒರಟು, ಉಳಿಯ ಗೀರು ಹಾಗೆಯೇ ಇದೆ' ಎಂಬ ಟಿಪ್ಪಣಿಯನ್ನು ಕಾಣುತ್ತೇವೆ. ಯಾರ ಕೈ ಆ ಗೀರನ್ನು ಎಳೆಯಿತೆಂಬ ಪ್ರಶ್ನೆಯನ್ನು ಟಿಪ್ಪಣಿಕಾರನು ಎತ್ತುವುದಿಲ್ಲ. ಗೀರುಗಳನ್ನು ಉಜ್ಜಿ ತೆಗೆದು, ನೀಲಿಯ ಹೊಳಪನ್ನು ಹೊಸದಾಗಿ ಕೊಟ್ಟ ಪ್ರತಿಗಳೂ ಕೊಳ್ಳುವವರ ಮುಂದೆ ಬರುತ್ತಿವೆ.